ಕೊನೆಯ ಅಧ್ಯಾಯ ಬಂದರೆ ಗಾಲಿಕುರ್ಚಿ ಎಲ್ಲಿ ಹೋಗುತ್ತದೆ?

ಪುಟತಿರುವು:
ಪ್ರೇಮ ಕಾದಂಬರಿ ಒಂದರ ಹಿಂದೆ ಒಂದು ಓದುವವರು ಇಲ್ಲಿ ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನಾಯಕನಿಗೋ ನಾಯಕಿಗೋ ಅಂಗವೈಕಲ್ಯ ಇರುವ ಕಥೆಗಳು ಈಗ ಮೊದಲಿಗಿಂತ ಜಾಸ್ತಿ ಬರುತ್ತಿವೆ. ಸಂತೋಷ. ಮುಕ್ಕಾಲು ಪುಸ್ತಕದವರೆಗೆ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಲೇಖಕರಿಗೆ ಏನೋ ಆಗುತ್ತದೆ. ಕಣ್ಣು ಕಾಣದವನಿಗೆ ಹೊಸ ಆಪರೇಷನ್. ಗಾಲಿಕುರ್ಚಿಯಲ್ಲಿದ್ದವಳ ಕಾಲ್ಬೆರಳು ಇದ್ದಕ್ಕಿದ್ದಂತೆ ಅಲ್ಲಾಡುತ್ತದೆ. ಮದುವೆಯ ದಿನ ಅವಳು ನಾಲ್ಕು ಹೆಜ್ಜೆ ನಡೆದು ಬರುತ್ತಾಳೆ, ಎಲ್ಲರೂ ಅಳುತ್ತಾರೆ, ಕಥೆ ಮುಗಿಯುತ್ತದೆ. ಹಾಗಾಗದಿದ್ದರೆ ಯಾರಾದರೂ ಸಾಯುತ್ತಾರೆ.

ನನ್ನ ತಕರಾರು ಇಷ್ಟೇ. ಪ್ರೇಮ ಕಾದಂಬರಿ ಅಂದರೆ ಓದುಗರಿಗೆ ಮೊದಲೇ ಮಾತು ಕೊಟ್ಟ ಹಾಗೆ. ನಡುವೆ ಎಷ್ಟು ಬೇಕಾದರೂ ಗೋಳಾಡಿಸಿ, ಕೊನೆಗೆ ಸುಖ ಕೊಡಬೇಕು. ಅಮೆರಿಕದ ಪ್ರೇಮ ಕಾದಂಬರಿಕಾರರ ಸಂಘ, ರೊಮಾನ್ಸ್ ರೈಟರ್ಸ್ ಆಫ್ ಅಮೆರಿಕ, ಇದನ್ನು ವ್ಯಾಖ್ಯೆಯಲ್ಲೇ ಬರೆದಿಟ್ಟಿದೆ: ಕಥೆಯ ಕೇಂದ್ರದಲ್ಲೇ ಪ್ರೇಮ ಇರಬೇಕು, ಮುಕ್ತಾಯ ಮನಸ್ಸು ತುಂಬುವಂತೆ, ಭರವಸೆ ಕೊಡುವಂತೆ ಇರಬೇಕು. ಹಾಗಿರುವಾಗ ಕೊನೆಯ ಹತ್ತು ಪುಟದಲ್ಲಿ ಲೇಖಕರು ಯಾವುದನ್ನು ಸುಖ ಅಂತ ತೋರಿಸುತ್ತಾರೋ ಅವರು ನಂಬಿರುವುದು ಅದನ್ನೇ. ಕಾಲು ಬಂದರೆ ಮಾತ್ರ ಸುಖ ಅಂತಾದರೆ ಕಾಲು ಬರದೇ ಇರುವವರು ಆ ಪುಸ್ತಕವನ್ನು ಯಾಕೆ ಓದಬೇಕು?

ನಿದ್ದೆಗೇಡಿ:
ಇದನ್ನು ನಾನು ಒಪ್ಪುವುದಿಲ್ಲ. ಪ್ರೇಮ ಕಾದಂಬರಿ ಇರುವುದೇ ಆಸೆ ತೀರಿಸುವುದಕ್ಕೆ. ಅಲ್ಲಿ ಸಾಲ ತೀರುತ್ತದೆ, ಮುನಿಸಿಕೊಂಡ ಅಪ್ಪ ಒಪ್ಪುತ್ತಾನೆ, ಕೆಲಸ ಹೋದವನಿಗೆ ಅದಕ್ಕಿಂತ ಒಳ್ಳೆ ಕೆಲಸ ಸಿಗುತ್ತದೆ. ಇದಕ್ಕೆಲ್ಲ ಯಾರೂ ತಕರಾರು ಮಾಡುವುದಿಲ್ಲ. ಕಣ್ಣು ಬಂದರೆ ಮಾತ್ರ ಯಾಕೆ ಸಿಟ್ಟು? ನಾನು ರಾತ್ರಿ ಎರಡು ಗಂಟೆಗೆ ಪುಸ್ತಕ ಹಿಡಿದು ಕೂರುವುದು ನಿಜ ಜೀವನದ ಪಾಠ ಕೇಳುವುದಕ್ಕಲ್ಲ.

ಗಾಲಿಸವಾರ:
ನಿದ್ದೆಗೇಡಿ ಅವರೇ, ಪ್ರಶ್ನೆ ಸರಿಯಾಗಿದೆ, ಉತ್ತರ ಕೊಡುತ್ತೇನೆ. ನನಗೆ ಬೆನ್ನುಹುರಿಗೆ ಪೆಟ್ಟಾಗಿ ಬಹಳ ವರ್ಷ ಆಯಿತು. ಗಾಲಿಕುರ್ಚಿಯಲ್ಲೇ ಓಡಾಟ. ಮದುವೆಯೂ ಆಗಿದೆ, ಈ ಅಪಘಾತ ಆದ ಮೇಲೆ. ಸಾಲ ತೀರಿದ ಕಥೆ ಓದಿದರೆ ಸಾಲಗಾರನಿಗೆ ಖುಷಿ ಆಗುತ್ತದೆ, ಯಾಕೆಂದರೆ ಸಾಲ ತೀರುವ ಮೊದಲೇ ಅವನನ್ನು ಒಬ್ಬಳು ಮನುಷ್ಯ ಅಂತ ಪ್ರೀತಿಸಿರುತ್ತಾಳೆ. ನಮ್ಮ ಕಥೆಯಲ್ಲಿ ಹಾಗಲ್ಲ. ಒಳ್ಳೆಯವನಾಗಿದ್ದಕ್ಕೆ ಬಹುಮಾನ ಕೊಟ್ಟ ಹಾಗೆ ಕಾಲು ಕೊಡುತ್ತಾರೆ. ಅಂದರೆ ಇಷ್ಟು ದಿನ ಕೊಡದೇ ಇದ್ದದ್ದು ಶಿಕ್ಷೆಯಾ?

ಅದನ್ನು ಬಿಡಿ, ನನಗೆ ಅದಕ್ಕಿಂತ ನಗು ಬರುವುದು ಇನ್ನೊಂದು ದೃಶ್ಯಕ್ಕೆ. ಪ್ರತಿ ಎರಡನೇ ಪುಸ್ತಕದಲ್ಲೂ ಇರುತ್ತದೆ. ನಾಯಕಿ ಗಾಲಿಕುರ್ಚಿಯಲ್ಲಿ ಇದ್ದಾಳೆ, ಎದುರಿಗೆ ಮೆಟ್ಟಿಲು. ನಾಯಕ ಒಂದು ಮಾತೂ ಕೇಳದೆ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮಹಡಿಗೆ ಹೋಗುತ್ತಾನೆ. ಅವಳು ಅವನ ಎದೆಗೆ ತಲೆ ಇಡುತ್ತಾಳೆ. ಸರಿ ಸ್ವಾಮಿ. ಕುರ್ಚಿ ಕೆಳಗೇ ಇದೆ. ಈಗ ಅವಳಿಗೆ ಬಾತ್‌ರೂಮಿಗೆ ಹೋಗಬೇಕು ಅನ್ನಿಸಿದರೆ? ಜಗಳ ಆಗಿ ಎದ್ದು ಹೋಗಬೇಕು ಅನ್ನಿಸಿದರೆ? ಕುರ್ಚಿ ಕೈಗೆ ಸಿಗದ ಕಡೆ ನನ್ನನ್ನು ಕೂರಿಸಿದರೆ ಅದು ಪ್ರೇಮ ಅಲ್ಲ, ಬಾಗಿಲಿಗೆ ಬೀಗ ಹಾಕಿದ ಹಾಗೆ. ಲೇಖಕರಿಗೆ ಅದು ಮೃದುವಾದ ದೃಶ್ಯ, ನನಗೆ ಕುರ್ಚಿ ಎಲ್ಲಿದೆ ಅನ್ನುವುದೊಂದೇ ಚಿಂತೆ. ಅವಳೇ ಎತ್ತಿಕೋ ಅಂದಿದ್ದರೆ, ಅವನು ಅವಳನ್ನು ಕೂರಿಸಿ ಓಡಿ ಹೋಗಿ ಕುರ್ಚಿಯನ್ನೂ ಹೊತ್ತು ತಂದು ಅವಳ ಪಕ್ಕ ಇಟ್ಟು ಏದುಸಿರು ಬಿಡುತ್ತಾ ನಿಂತಿದ್ದರೆ, ಆಗ ನಾನೂ ಕರಗುತ್ತಿದ್ದೆ. ಬ್ಯಾಟರಿ ಗಾಲಿಕುರ್ಚಿ ಆಗಿದ್ದರೆ ಅದೂ ಆಗದು, ನೂರು ಕೆಜಿಗಿಂತ ಭಾರ ಇರುವಂಥವೂ ಇವೆ.

ಇನ್ನೂ ಒಂದು. ಈ ಪುಸ್ತಕಗಳಲ್ಲಿ ಯಾರೂ ಮೂತ್ರ ಮಾಡುವುದೇ ಇಲ್ಲ. ಬೆನ್ನುಹುರಿ ಪೆಟ್ಟಾದ ಬಹಳ ಜನರಿಗೆ ಕ್ಯಾಥೆಟರ್, ಅಂದರೆ ಮೂತ್ರ ತೆಗೆಯುವ ಕೊಳವೆ, ಬೇಕು. ಒಂದೇ ಕಡೆ ಕೂತರೆ ಚರ್ಮ ಹುಣ್ಣಾಗುತ್ತದೆ, ಆಗಾಗ ಕೈಯೂರಿ ಮೈ ಎತ್ತಬೇಕು ಅಥವಾ ಮುಂದಕ್ಕೆ ಬಾಗಬೇಕು. ನನ್ನ ಹೆಂಡತಿ ಮಾತಿನ ನಡುವೆ ನನ್ನ ಭುಜ ತಟ್ಟುತ್ತಾಳೆ, ನಾನು ಮೈ ಎತ್ತುತ್ತೇನೆ, ಮಾತು ಮುಂದುವರಿಯುತ್ತದೆ. ಅಷ್ಟೇ. ಇದನ್ನು ಯಾವ ಕಾದಂಬರಿಯಲ್ಲೂ ನಾನು ನೋಡಿಲ್ಲ. ಪ್ರೀತಿ ಅಂತ ತೋರಿಸುವುದಕ್ಕೆ ಇದಕ್ಕಿಂತ ಬೇರೆ ಏನು ಬೇಕು?

ಹಳೇಪುಸ್ತಕ:
ಈ ಚಾಳಿ ಇವತ್ತಿನದಲ್ಲ. ಷಾರ್ಲೆಟ್ ಬ್ರಾಂಟೆ ಬರೆದ 1847ರ ಕಾದಂಬರಿ ‘ಜೇನ್ ಐರ್’ ನೆನಪಿಸಿಕೊಳ್ಳಿ. ಮನೆಗೆ ಬೆಂಕಿ ಬಿದ್ದು ನಾಯಕ ರಾಚೆಸ್ಟರ್‌ನ ಕಣ್ಣು ಹೋಗುತ್ತದೆ, ಒಂದು ಕೈಯೂ ಹೋಗುತ್ತದೆ. ನಾಯಕಿ ಜೇನ್ ಬಂದು ಮದುವೆಯಾಗುತ್ತಾಳೆ. ಎರಡು ವರ್ಷ ಆದ ಮೇಲೆ ಒಂದು ಕಣ್ಣಿಗೆ ದೃಷ್ಟಿ ಮರಳುತ್ತದೆ, ಹುಟ್ಟಿದ ಮಗನ ಮುಖ ನೋಡುತ್ತಾನೆ. ಎಲ್ಲರಿಗೂ ನೆನಪಿರುವುದು ಇದೇ. ಆದರೆ ಆ ಎರಡು ವರ್ಷದ ಬಗ್ಗೆ ಜೇನ್ ಹೇಳುವ ಮಾತು ಬೇರೆ. ಅವನಿಗೆ ಕಣ್ಣಿಲ್ಲದ್ದೇ ನಮ್ಮನ್ನು ಅಷ್ಟು ಹತ್ತಿರ ತಂದಿತೋ ಏನೋ ಅನ್ನುತ್ತಾಳೆ. ಅಂದರೆ ಬ್ರಾಂಟೆ ಆ ಎರಡು ವರ್ಷದ ಸುಖವನ್ನು ಸುಖ ಅಂತಲೇ ಬರೆದಿದ್ದಾರೆ, ಆಮೇಲೆ ಅದರ ಮೇಲೆ ಒಂದು ಕಣ್ಣನ್ನೂ ಕೊಟ್ಟಿದ್ದಾರೆ. ಈಗಿನವರು ಕಣ್ಣನ್ನು ಮಾತ್ರ ಕಾಪಿ ಹೊಡೆದರು.

ಇನ್ನು ಡಿ. ಎಚ್. ಲಾರೆನ್ಸ್ ಬರೆದ 1928ರ ‘ಲೇಡಿ ಚಾಟರ್ಲೀಸ್ ಲವರ್’. ಯುದ್ಧದಲ್ಲಿ ಗಾಯಗೊಂಡ ಗಂಡ ಗಾಲಿಕುರ್ಚಿಯಲ್ಲಿ, ಅವನ ಮೈಯೂ ತಣ್ಣಗೆ, ಮನಸ್ಸೂ ತಣ್ಣಗೆ. ಹೆಂಡತಿ ಬೇರೆಯವನ ಹತ್ತಿರ ಹೋಗುವುದಕ್ಕೆ ಓದುಗರ ಒಪ್ಪಿಗೆ ಬೇಕಲ್ಲ, ಅದಕ್ಕೆ ಕುರ್ಚಿಯೇ ಸಾಕ್ಷಿ. ದೇಹದ ಬಗ್ಗೆ ಅಷ್ಟು ಧೈರ್ಯವಾಗಿ ಬರೆದ ಲಾರೆನ್ಸ್‌ಗೆ ಈ ಒಂದು ದೇಹದ ಬಗ್ಗೆ ಮಾತ್ರ ಕುತೂಹಲವೇ ಇರಲಿಲ್ಲ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಗಾಲಿಸವಾರ:
ಹೌದು ಸರ್. ಕೆಳಗೆ ಸ್ಪರ್ಶ ಹೋದ ಕೆಲವರಿಗೆ ಪೆಟ್ಟಾದ ಜಾಗದಿಂದ ಮೇಲಿನ ಚರ್ಮ, ಕತ್ತು, ಕಿವಿ ಮೊದಲಿಗಿಂತ ಸೂಕ್ಷ್ಮ ಆಗುತ್ತವೆ. ಕುತೂಹಲ ಇದ್ದ ಲೇಖಕರಿಗೆ ಅಲ್ಲಿ ಒಂದು ಅಧ್ಯಾಯವೇ ಇದೆ. ಇದಕ್ಕಿಂತ ಜಾಸ್ತಿ ಇಲ್ಲಿ ಹೇಳುವುದಿಲ್ಲ, ಹೆಂಡತಿಯೂ ಈ ಚರ್ಚೆ ಓದುತ್ತಾಳೆ.

ಕಡಲಹಕ್ಕಿ:
ಹಾಗಾದರೆ ‘ಮಿ ಬಿಫೋರ್ ಯು’ ಬಗ್ಗೆ ಏನು ಹೇಳುತ್ತೀರಿ? ನಾನಂತೂ ಬಿಕ್ಕಿ ಬಿಕ್ಕಿ ಅತ್ತಿದ್ದೇನೆ. ಅದರಲ್ಲಿ ಗುಣ ಆಗುವ ಪವಾಡ ಏನೂ ಇಲ್ಲವಲ್ಲ.

ಪುಟತಿರುವು:
ಅಳು ಬರುವ ಹಾಗೆಯೇ ಬರೆದಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಏನಾಗುತ್ತದೆ ನೋಡಿ. ಕುತ್ತಿಗೆಯಿಂದ ಕೆಳಗೆ ಬಲ ಇಲ್ಲದ ಹುಡುಗ. ಹುಡುಗಿ ಪ್ರೀತಿಸುತ್ತಾಳೆ, ಅವನೂ ಪ್ರೀತಿಸುತ್ತಾನೆ. ಆದರೂ ಸ್ವಿಟ್ಜರ್ಲೆಂಡಿಗೆ ಹೋಗಿ, ನೆರವಿನ ಸಾವನ್ನು ತಾನೇ ಆರಿಸಿಕೊಂಡು ಸಾಯುತ್ತಾನೆ, ಅವಳಿಗೆ ಹೊಸ ಬದುಕಿಗೆ ದುಡ್ಡು ಬಿಟ್ಟು ಹೋಗುತ್ತಾನೆ. ಪುಸ್ತಕ 2012ರದು, ಸಿನಿಮಾ 2016ರಲ್ಲಿ ಬಂತು. ಸಿನಿಮಾದ ಪ್ರಚಾರಕ್ಕೆ ‘ಧೈರ್ಯವಾಗಿ ಬದುಕು’ ಅನ್ನುವ ಘೋಷಣೆ ಇಟ್ಟಿದ್ದರು. ಲಂಡನ್‌ನಲ್ಲಿ ಮೊದಲ ಪ್ರದರ್ಶನದ ದಿನ ಅಂಗವಿಕಲರು ಬಂದು ಪ್ರತಿಭಟನೆ ಮಾಡಿದರು. ಬದುಕುವ ಧೈರ್ಯ ಯಾರಿಗೆ ಹೇಳಿದ್ದು, ಸಾಯುವ ಪಾಲು ಯಾರಿಗೆ ಬಂದದ್ದು? ನಾಯಕಿಗೆ ಜಗತ್ತು ಸಿಕ್ಕಿತು. ಅವನು ಅವಳ ಬೆಳವಣಿಗೆಗೆ ಗೊಬ್ಬರ ಆದ.

ನಿದ್ದೆಗೇಡಿ:
ಒಂದು ನಿಮಿಷ. ಆ ಹುಡುಗನಿಗೆ ನೋವಿತ್ತು, ಅದು ಅವನ ಆಯ್ಕೆ. ಅಂಥ ಒಬ್ಬ ಮನುಷ್ಯ ಇರಬಾರದಾ? ಒಬ್ಬನ ಕಥೆ ಬರೆದರೆ ಎಲ್ಲರ ಕಥೆ ಅಂತ ಯಾಕೆ ತೆಗೆದುಕೊಳ್ಳಬೇಕು?

ಗಾಲಿಸವಾರ:
ಇರಬಹುದು. ಇದ್ದಾರೆ ಕೂಡ. ಆದರೆ ಅಂಗಡಿಯಲ್ಲಿ ನೂರು ಪ್ರೇಮಕಥೆ ಇದ್ದು, ನನ್ನಂಥವನು ಇರುವುದು ಒಂದರಲ್ಲಿ ಮಾತ್ರ ಆದರೆ, ಆ ಒಂದರಲ್ಲೇ ನಾನು ಸತ್ತರೆ, ಆಗ ಅದು ಒಬ್ಬನ ಕಥೆಯಾಗಿ ಉಳಿಯುವುದಿಲ್ಲ. ಆ ಸಿನಿಮಾ ನೋಡಿ ಬಂದ ನಂಟರೊಬ್ಬರು ನನ್ನ ಹೆಂಡತಿಯ ಕೈ ಹಿಡಿದು “ನೀನು ದೊಡ್ಡವಳಮ್ಮ” ಅಂದರು. ಏನಕ್ಕೆ ದೊಡ್ಡವಳು? ಅವಳಿಗೆ ಸಿಟ್ಟು ಬಂದು ಎರಡು ದಿನ ಇಳಿಯಲಿಲ್ಲ.

ಸನ್ನೆ:
ನಾನು ಹುಟ್ಟಿನಿಂದಲೇ ಕಿವುಡಿ. ಗುಣ ಆಗುವುದು, ಸಾಯುವುದು ನಿಮ್ಮ ಪಾಲಿನ ಗೋಳು. ನಮಗೆ ಬೇರೆ. ನಮ್ಮ ನಾಯಕಿಯರಿಗೆ ಲೇಖಕರು ತುಟಿ ಓದುವ ಮಾಯಾಶಕ್ತಿ ಕೊಟ್ಟುಬಿಡುತ್ತಾರೆ. ದೂರದ ಮೇಜಿನಲ್ಲಿ, ಅರೆಬೆಳಕಿನಲ್ಲಿ, ಗಡ್ಡ ಬಿಟ್ಟವನ ತುಟಿ ಓದಿ ಇಡೀ ಸಂಭಾಷಣೆ ಹೇಳುತ್ತಾಳೆ. ಸುಮ್ನೆ ಒಂದು ಸಲ ಕನ್ನಡಿ ಮುಂದೆ ನಿಂತು ದನಿ ಇಲ್ಲದೆ ಮರ, ಬರ, ಪರ ಅಂತ ಹೇಳಿ ನೋಡಿ. ಮೂರೂ ಒಂದೇ ಥರ ಕಾಣುತ್ತವೆ. ಕ, ಗ ಎಲ್ಲ ಬಾಯಿಯ ಹಿಂಭಾಗದಲ್ಲೇ ಮುಗಿದುಹೋಗುತ್ತವೆ, ತುಟಿಗೆ ಬರುವುದೇ ಇಲ್ಲ. ಉಳಿದದ್ದನ್ನು ನಾವು ಸಂದರ್ಭ ನೋಡಿ ಊಹಿಸುತ್ತೇವೆ, ಸಂಜೆ ಹೊತ್ತಿಗೆ ತಲೆ ಸಿಡಿಯುತ್ತಿರುತ್ತದೆ.

ಆಮೇಲೆ ಪ್ರಣಯದ ದೃಶ್ಯ. ಅವನು ದೀಪ ಆರಿಸುತ್ತಾನೆ, ಅವಳ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಾನೆ, ಅವಳು ನಾಚುತ್ತಾಳೆ. ಯಾಕೆ ನಾಚುತ್ತಾಳೆ? ಏನು ಕೇಳಿಸಿತು? ಸನ್ನೆ ಭಾಷೆಯಲ್ಲಿ ಮಾತಾಡುವವರಿಗೆ ದೀಪ ಆರಿದರೆ ಮಾತು ನಿಂತ ಹಾಗೆ. ಎರಡೂ ಕೈ ಹಿಡಿದುಕೊಂಡರೆ ಬಾಯಿ ಮುಚ್ಚಿದ ಹಾಗೆ. ಜಗಳದ ನಡುವೆ ನಾನು ಕಣ್ಣು ಮುಚ್ಚಿಕೊಂಡರೆ ನನ್ನ ಗಂಡನ ವಾದ ಅಲ್ಲಿಗೇ ಮುಗಿಯಿತು, ಈ ಅಸ್ತ್ರ ಯಾವ ನಾಯಕಿಯ ಹತ್ತಿರವೂ ಇಲ್ಲ ನೋಡಿ. ಕತ್ತಲಲ್ಲಿ ಒಂದು ಮಾತು ಹೇಳಬೇಕು ಅಂದರೆ ಅಂಗೈ ಮೇಲೆ ಅಕ್ಷರ ಬರೆಯಬೇಕು, ನಿಧಾನಕ್ಕೆ, ಒಂದೊಂದೇ. ಅದಕ್ಕಿಂತ ಒಳ್ಳೆ ಪ್ರಣಯ ಯಾವುದಿದೆ ಹೇಳಿ. ಯಾರೂ ಬರೆಯುವುದಿಲ್ಲ.

ಬರೆಯುವಕೈ:
ಸನ್ನೆ ಅವರೇ, ಇದನ್ನು ಓದಿ ನನ್ನ ಕಾದಂಬರಿಗೆ ಕದಿಯಬೇಕು ಅನ್ನಿಸಿತು, ಅನುಮತಿ ಇದೆಯಾ? ನಾನು ಈಗ ಬರೆಯುತ್ತಿರುವುದು ಕಣ್ಣು ಕಾಣದ ನಾಯಕನ ಕಥೆ. ಮೊದಲ ಭೇಟಿಯಲ್ಲಿ ಅವನು ನಾಯಕಿಯ ಮುಖ ಮುಟ್ಟಿ ನೋಡುವ ದೃಶ್ಯ ಇಟ್ಟಿದ್ದೇನೆ.

ದನಿಪುಸ್ತಕ:
ಇಟ್ಟೇ ಇಡುತ್ತೀರಿ ಅಂತ ಗೊತ್ತಿತ್ತು. ನಾನು ಕುರುಡ. ಇಷ್ಟು ವರ್ಷದಲ್ಲಿ ಯಾರ ಮುಖವನ್ನೂ ಮುಟ್ಟಿ ಗುರುತು ಹಿಡಿದಿಲ್ಲ, ಹಿಡಿಯುವ ಆಸೆಯೂ ಇಲ್ಲ. ಹೊಸಬರ ಮೂಗು ಮುಟ್ಟಿದರೆ ನನಗೆ ಏನು ತಿಳಿಯುತ್ತದೆ? ದನಿ ಸಾಕು. ಮಾತಿನ ನಡುವೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಬೇಜಾರಾದಾಗ ಯಾವ ಪದ ನುಂಗುತ್ತಾಳೆ, ನಡೆಯುವಾಗ ಯಾವ ಕಾಲನ್ನು ಸ್ವಲ್ಪ ಎಳೆಯುತ್ತಾಳೆ, ಅದೆಲ್ಲ ಮುಖಕ್ಕಿಂತ ಬೇಗ ಗೊತ್ತಾಗುತ್ತದೆ. ಮತ್ತೆ ಇನ್ನೊಂದು, ಕುರುಡು ಅಂದರೆ ಪೂರ್ತಿ ಕತ್ತಲು ಅಂತ ಬರೆಯಬೇಡಿ. ಬಹಳ ಜನರಿಗೆ ಬೆಳಕು, ನೆರಳು, ಬಣ್ಣದ ಮಸುಕು ಇಷ್ಟಾದರೂ ಕಾಣುತ್ತದೆ. ನನಗೆ ಕಿಟಕಿ ಎಲ್ಲಿದೆ ಅಂತ ಗೊತ್ತಾಗುತ್ತದೆ, ಅದರ ಮುಂದೆ ಯಾರು ನಿಂತಿದ್ದಾರೆ ಅಂತ ಗೊತ್ತಾಗುವುದಿಲ್ಲ.

ರಸ್ತೆ ದಾಟುವಾಗ ನಾಯಕಿ ಅವನ ತೋಳು ಹಿಡಿದು ಎಳೆದುಕೊಂಡು ಹೋಗುತ್ತಾಳೆ ಅಂತಲೂ ಬರೆದಿರುತ್ತೀರಿ. ಉಲ್ಟಾ ಮಾಡಿ. ಅವನು ಅವಳ ಮೊಣಕೈಗಿಂತ ಸ್ವಲ್ಪ ಮೇಲೆ ಹಿಡಿಯುತ್ತಾನೆ, ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾನೆ. ಅವಳ ತೋಳು ಇಳಿದರೆ ಮೆಟ್ಟಿಲು ಅಂತ ಅವನಿಗೆ ತಿಳಿಯುತ್ತದೆ, ತಿರುಗಿದರೆ ತಿರುವು ಅಂತ. ಹಿಡಿಯುವವನು ಅವನು, ಬಿಡುವವನೂ ಅವನೇ. ಎಷ್ಟು ಹೊತ್ತು ಬಿಡದೆ ಹಿಡಿದಿದ್ದ ಅನ್ನುವುದರಲ್ಲೇ ನಿಮ್ಮ ಪ್ರೇಮದ ಅಧ್ಯಾಯ ಬರೆಯಬಹುದು.

ಇನ್ನು ತಮಾಷೆಗೆ: ಅವಳು ಕಳಿಸಿದ ಪ್ರೇಮದ ಮೆಸೇಜನ್ನು ಅವನ ಫೋನು ಓದಿ ಹೇಳುತ್ತದೆ. ಯಂತ್ರದ ದನಿ, ನಮ್ಮಂಥವರು ವೇಗ ಬೇರೆ ಹೆಚ್ಚಿಸಿ ಇಟ್ಟುಕೊಂಡಿರುತ್ತೇವೆ. ಹೃದಯದ ಇಮೋಜಿ ಮೂರು ಹಾಕಿದರೆ ಅದು “ಕೆಂಪು ಹೃದಯ, ಕೆಂಪು ಹೃದಯ, ಕೆಂಪು ಹೃದಯ” ಅಂತ ಸುದ್ದಿ ಓದಿದ ಹಾಗೆ ಒದರುತ್ತದೆ. ಇಯರ್‌ಫೋನ್ ಮರೆತಿದ್ದರೆ ಪಕ್ಕದಲ್ಲಿ ಕೂತವರಿಗೂ ಕೇಳುತ್ತದೆ.

ಬರೆಯುವಕೈ:
ಮುಖ ಮುಟ್ಟುವ ದೃಶ್ಯ ಕಿತ್ತು ಹಾಕಿದೆ. ಇಮೋಜಿ ಒಳಗೆ ಬಂತು.

ಅರ್ಧಬ್ಯಾಟರಿ:
ನಾನು ಸ್ವಲ್ಪ ಬೇರೆ ಸ್ವರ ಎತ್ತುತ್ತೇನೆ, ಬೈಯಬೇಡಿ. ನನಗೆ ಫೈಬ್ರೊಮಯಾಲ್ಜಿಯಾ. ಮೈತುಂಬ ನೋವು, ಎಷ್ಟು ಮಲಗಿದರೂ ಆಯಾಸ. ಹೊರಗಿನಿಂದ ಏನೂ ಕಾಣುವುದಿಲ್ಲ. ನಾಳೆ ಬೆಳಿಗ್ಗೆ ಇದಕ್ಕೆ ಮದ್ದು ಬಂದರೆ ನಾನು ಓಡಿ ಹೋಗಿ ಸಾಲಿನಲ್ಲಿ ಮೊದಲು ನಿಲ್ಲುತ್ತೇನೆ. ಹಾಗಾಗಿ ಗುಣ ಆಗಬೇಕು ಅನ್ನುವ ಆಸೆಯನ್ನೇ ಇಲ್ಲಿ ಕೆಟ್ಟದ್ದು ಅಂತ ಮಾತಾಡಿದರೆ ನನಗೆ ಕಸಿವಿಸಿ ಆಗುತ್ತದೆ. ಆಸೆ ಪಾತ್ರಕ್ಕೆ ಇರಲಿ. ಅದನ್ನು ತೀರಿಸಿ ಕಥೆಯ ಗಂಟು ಬಿಡಿಸುವ ಸೋಮಾರಿತನ ಲೇಖಕರಿಗೆ ಇರಬಾರದು. ಎರಡೂ ಬೇರೆ ಬೇರೆ.

ತಾಲಿಯಾ ಹಿಬ್ಬರ್ಟ್ 2019ರಲ್ಲಿ ಬರೆದ ‘ಗೆಟ್ ಎ ಲೈಫ್, ಕ್ಲೋಯಿ ಬ್ರೌನ್’ ಓದಿ. ನಾಯಕಿಗೆ ಇದೇ ಕಾಯಿಲೆ. ಕಾಯಿಲೆ ಬಂದ ಮೇಲೆ ಗೆಳೆಯರು ದೂರ ಆಗಿರುತ್ತಾರೆ, ಮದುವೆಗೆ ಗೊತ್ತಾಗಿದ್ದವನೂ ಹೋಗಿರುತ್ತಾನೆ. ಅವಳು ನಗಿಸುತ್ತಾಳೆ, ಸಿಡುಕುತ್ತಾಳೆ, ಆಸೆಪಡುತ್ತಾಳೆ. ಕೊನೆಗೂ ಕಾಯಿಲೆ ಹಾಗೇ ಇರುತ್ತದೆ, ಸುಖವೂ ಇರುತ್ತದೆ. ಆಗುತ್ತದೆ ಅಂತ ಅದು ತೋರಿಸಿದೆ. ಹೆಲೆನ್ ಹೋಆಂಗ್ 2018ರಲ್ಲಿ ‘ದಿ ಕಿಸ್ ಕ್ವೋಷೆಂಟ್’ನಲ್ಲಿ ಆಟಿಸಂ ಇರುವ ನಾಯಕಿಯನ್ನು ತಂದರು, ಲೇಖಕಿಯೂ ಆಟಿಸಂ ಇರುವವರೇ. ಎರಡೂ ಪುಸ್ತಕ ತುಂಬಾ ಜನ ಓದಿದರು. ಇಂಥದ್ದನ್ನು ಯಾರು ಕೊಳ್ಳುತ್ತಾರೆ ಅನ್ನುವ ಪ್ರಕಾಶಕರಿಗೆ ಇಷ್ಟು ಸಾಕು.

ನನ್ನಂಥವರ ಕಥೆಯಲ್ಲಿ ಇನ್ನೊಂದು ಕಷ್ಟ ಇದೆ. ನೋವು ಏರಿಳಿಯುತ್ತದೆ. ನಿನ್ನೆ ಕುಣಿದವಳು ಇವತ್ತು ಬಾಟಲಿ ಮುಚ್ಚಳ ತೆಗೆಯಲಾರಳು. ಸಂಪಾದಕರು ಇದನ್ನು ತಪ್ಪು ಅಂತ ಗುರುತು ಹಾಕುತ್ತಾರೇನೋ. ಪ್ರೇಮಿಯೂ “ನಿನ್ನೆ ಚೆನ್ನಾಗಿದ್ದೆಯಲ್ಲ” ಅನ್ನುತ್ತಾನೆ. ಆ ಒಂದು ಮಾತಿಗೆ ಎಷ್ಟು ಸಂಬಂಧ ಮುರಿದಿವೆಯೋ. ಖಳನಾಯಕ ಬೇಡ, ಈ ಮಾತೊಂದೇ ಸಾಕು ಕಥೆಗೆ.

ಜೊತೆಗಾರ್ತಿ:
ನಾನು ಆ ಕಡೆಯವಳಲ್ಲ, ಈ ಕಡೆಯವಳು. ನನ್ನ ಗಂಡನಿಗೆ ಪಾರ್ಶ್ವವಾಯು ಆಗಿ ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ತಡವರಿಸುತ್ತದೆ. ಪುಸ್ತಕದಲ್ಲಿ ನನ್ನಂಥವಳು ದೇವತೆ ಆಗಿರುತ್ತಾಳೆ. ನನಗೆ ರೇಗುತ್ತದೆ, ಬೇಸರ ಬರುತ್ತದೆ, ಕೆಲವು ದಿನ ಶರ್ಟಿನ ಗುಂಡಿ ಹಾಕುತ್ತಾ ಹಾಕುತ್ತಾ ಇಬ್ಬರೂ ಕಿರುಚಾಡುತ್ತೇವೆ. ಅವರಿಗೂ ನನ್ನ ಮೇಲೆ ಸಿಟ್ಟು ಬರುತ್ತದೆ ಮತ್ತು ಬರಬೇಕು, ಯಾಕೆಂದರೆ ನಾನು ಅವರ ವಾಕ್ಯ ಮುಗಿಯುವ ಮೊದಲೇ ಮುಗಿಸಿಬಿಡುತ್ತೇನೆ. ಅವರು ಎಡಗೈಯಲ್ಲಿ ಮೇಜು ಕುಟ್ಟುತ್ತಾರೆ. ಸುಮ್ಮನಿರು, ನಾನೇ ಹೇಳುತ್ತೇನೆ ಅಂತ ಅರ್ಥ. ಕಾದಂಬರಿಯ ನಾಯಕನಿಗೆ ಮೇಜು ಕುಟ್ಟುವ ಹಕ್ಕೇ ಇಲ್ಲ. ಅವನು ಯಾವಾಗಲೂ ಕೃತಜ್ಞ. ಎರಡು ವರ್ಷ ಬರೀ ಕೃತಜ್ಞನಾಗಿರುವವನ ಜೊತೆ ಸಂಸಾರ ಮಾಡಿ ನೋಡಿ, ತಲೆ ಕೆಡುತ್ತದೆ.

ಅವರು ನನಗೆ ಏನು ಕೊಡುತ್ತಾರೆ ಅಂತಲೂ ಯಾರೂ ಬರೆಯುವುದಿಲ್ಲ. ನಮ್ಮ ಮನೆ ಲೆಕ್ಕಪತ್ರ, ಕಾಗದ ಪತ್ರ ಎಲ್ಲ ಅವರದ್ದೇ. ನನ್ನ ಅಮ್ಮ ತೀರಿಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದವರು ಅವರು. ಒಂದೇ ಕೈಯಲ್ಲಿ.

ಹಳೇಪುಸ್ತಕ:
ಜೊತೆಗಾರ್ತಿ ಅವರು ಹೇಳಿದ್ದಕ್ಕೆ ಹೊಂದುವ ಒಂದು ಅಳತೆಗೋಲು ಇದೆ. ಅಮೆರಿಕದ ಲೇಖಕ ಕೆನ್ನಿ ಫ್ರೈಸ್, ಸ್ವತಃ ಅಂಗವಿಕಲರು, 2017ರಲ್ಲಿ ಸೂಚಿಸಿದ್ದು. ಫ್ರೈಸ್ ಟೆಸ್ಟ್ ಅನ್ನುತ್ತಾರೆ. ಕಥೆಯಲ್ಲಿ ಅಂಗವಿಕಲ ಪಾತ್ರ ಒಂದಕ್ಕಿಂತ ಹೆಚ್ಚು ಇದೆಯಾ? ಉಳಿದವರಿಗೆ ಪಾಠ ಕಲಿಸುವುದು ಬಿಟ್ಟು ಆ ಪಾತ್ರಗಳಿಗೆ ಅವುಗಳದ್ದೇ ಆದ ಗುರಿ ಇದೆಯಾ? ಗುಣ ಮಾಡಿಯೋ ಕೊಂದೋ ಅಂಗವೈಕಲ್ಯವನ್ನು ಅಳಿಸಿ ಹಾಕದೆ ಉಳಿಸಿದ್ದಾರಾ? ಇಷ್ಟೇ ಪ್ರಶ್ನೆ. ನನ್ನ ಕಪಾಟಿನ ಪುಸ್ತಕಗಳು ಬಹುತೇಕ ಮೊದಲ ಪ್ರಶ್ನೆಯಲ್ಲೇ ಫೇಲ್.

ಗಾಲಿಸವಾರ:
ಮೊದಲ ಪ್ರಶ್ನೆಯೇ ಸೊಗಸು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 130 ಕೋಟಿ ಜನಕ್ಕೆ ಗಣನೀಯ ಅಂಗವೈಕಲ್ಯ ಇದೆ. ಆರು ಜನರಲ್ಲಿ ಒಬ್ಬರು. ಕಾದಂಬರಿಯಲ್ಲಿ ಮಾತ್ರ ಇಡೀ ಊರಿಗೆ ಒಬ್ಬನೇ. ಅವನಿಗೆ ಅಂಗವಿಕಲ ಗೆಳೆಯರೂ ಇಲ್ಲ. ನಾನು ಗಾಲಿಕುರ್ಚಿ ಓಡಿಸುವುದು ಕಲಿತದ್ದು ಇನ್ನೊಬ್ಬ ಗಾಲಿಕುರ್ಚಿಯವನಿಂದ, ಹೆಣ್ಣಿನ ಜೊತೆ ಮಾತಾಡುವ ಧೈರ್ಯ ಕೊಟ್ಟವನೂ ಅವನೇ, ಡಾಕ್ಟರ್ ಅಲ್ಲ. ಮತ್ತೆ ಇಬ್ಬರು ಅಂಗವಿಕಲರೇ ಪ್ರೀತಿಸಿದರೆ? ಯಾಕೆ ಯಾವಾಗಲೂ ಒಬ್ಬರು ‘ಸರಿ’ ಇರಲೇಬೇಕು? ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಮಾಡಿದ ಒಪ್ಪಂದದ 23ನೇ ವಿಧಿಯಲ್ಲಿ ಮದುವೆ, ಸಂಸಾರ, ಮಕ್ಕಳ ಹಕ್ಕು ಇದೆ. ಕಾದಂಬರಿಗಳಿಗೆ ಆ ವಿಧಿ ಇನ್ನೂ ತಲುಪಿಲ್ಲ.

ಕಡಲಹಕ್ಕಿ:
ಹಾಗಾದರೆ ಅಂಗವೈಕಲ್ಯ ಇಲ್ಲದವರು ಬರೆಯಲೇಬಾರದಾ?

ಸನ್ನೆ:
ಬರೆಯಿರಿ. ಲೇಖಕರು ತಮ್ಮ ವೈದ್ಯರ ಚೀಟಿ ತೋರಿಸಬೇಕು ಅಂತ ನಾನು ಕೇಳುವುದಿಲ್ಲ, ಹೇಳಿಕೊಳ್ಳಲು ಇಷ್ಟವಿಲ್ಲದವರೂ ಇರುತ್ತಾರೆ. ಬರೆದ ಮೇಲೆ ನಮ್ಮಲ್ಲಿ ಒಬ್ಬರಿಗಾದರೂ ಓದಲು ಕೊಡಿ. ಆ ಓದಿಗೆ ದುಡ್ಡೂ ಕೊಡಿ.

ನಿದ್ದೆಗೇಡಿ:
ನನ್ನ ಮಾತು ಪೂರ್ತಿ ಬಿಟ್ಟುಕೊಡುವುದಿಲ್ಲ, ನನಗೆ ಸುಖಾಂತ್ಯ ಬೇಕೇ ಬೇಕು. ಆದರೆ ಕುರ್ಚಿ ಹೊತ್ತು ತಂದು ಏದುಸಿರು ಬಿಡುವ ನಾಯಕ ಇದ್ದರೆ ಪುಸ್ತಕದ ಹೆಸರು ಹೇಳಿ.

ಬರೆಯುವಕೈ:
ಎಲ್ಲರೂ ಇರುವಾಗಲೇ ಒಂದು ತುಣುಕು ಹಾಕುತ್ತೇನೆ. ಪರೀಕ್ಷೆ ಮಾಡಿ.

“ಎಡಗಡೆ ಮೂರು ಮೆಟ್ಟಿಲು,” ಎಂದಳು. ಅವನು ಅವಳ ತೋಳು ಹಿಡಿದು ಇಳಿದ. ನೆಲ ಸಮ ಆಯಿತು. ಅವನು ಬಿಡಲಿಲ್ಲ. “ಮೆಟ್ಟಿಲು ಮುಗಿಯಿತು,” ಎಂದಳು. “ಗೊತ್ತಾಯಿತು,” ಎಂದ. ಇಬ್ಬರೂ ಹಾಗೇ ಗೇಟಿನವರೆಗೆ ನಡೆದರು. ಗೇಟಿನ ಹತ್ತಿರ ಅವಳೇ ಕೇಳಿದಳು, “ನಿಮ್ಮ ಬೆತ್ತ ಮಡಚಿ ನನ್ನ ಬ್ಯಾಗಿನಲ್ಲಿ ಇಡಲಾ?” “ಬೇಡ. ನೀವು ಜಗಳ ಆಡಿ ಹೋದರೆ ನಾನು ಮನೆಗೆ ಹೋಗಬೇಕಲ್ಲ.”

ದನಿಪುಸ್ತಕ:
ಬೆತ್ತ ಕೊಡದೇ ಇದ್ದದ್ದು ನೂರಕ್ಕೆ ನೂರು. ಮೆಟ್ಟಿಲು ಎಷ್ಟು ಅಂತ ಅವಳು ಹೇಳಿದ್ದೂ ಸರಿ, ಇಳಿಯುವುದಾ ಹತ್ತುವುದಾ ಅಂತಲೂ ಹೇಳಬೇಕು. ಇಲ್ಲದಿದ್ದರೆ ಪ್ರೇಮ ಶುರುವಾಗುವ ಮೊದಲೇ ಹಲ್ಲು ಹೋಗುತ್ತದೆ.

ಜೊತೆಗಾರ್ತಿ:
ಅವನಿಗೆ ಅವಳು ಯಾಕೆ ಇಷ್ಟ ಅಂತ ಗೊತ್ತಾಯಿತು. ಅವಳಿಗೆ ಅವನು ಯಾಕೆ ಇಷ್ಟ? ಅದನ್ನು ಮುಂದಿನ ಅಧ್ಯಾಯಕ್ಕೆ ತಳ್ಳಬೇಡಿ.

ಬರೆಯುವಕೈ:
ಅವಳು ಆಡುವ ಜಗಳಕ್ಕೆ ಸರಿಸಮ ಉತ್ತರ ಕೊಡುವವನು ಇಲ್ಲಿಯವರೆಗೆ ಸಿಕ್ಕಿರಲಿಲ್ಲ.

ಜೊತೆಗಾರ್ತಿ:
ಹಾಗಾದರೆ ಅವಳು ಒಂದು ಜಗಳ ಸೋಲಲಿ. ಅವನು ಬೆತ್ತ ಹಿಡಿದು ಒಬ್ಬನೇ ಮನೆಗೆ ಹೋಗಲಿ. ಮೊದಲು ಫೋನ್ ಮಾಡುವವಳು ಅವಳಾಗಲಿ.